ಮಹಾಮಾರಿ ಕಾಲದಲ್ಲಿ ಮಕ್ಕಳ ಕ್ಯಾನ್ಸರ್ ಆರೈಕೆ

ಸಾಂಕ್ರಾಮಿಕ ರೋಗ ವ್ಯಾಪಕವಾಗಿ ಹರಡಿರುವಾಗಲೂ ಕ್ಯಾನ್ಸರ್ ಪೀಡಿತ ಮಕ್ಕಳ ಚಿಕಿತ್ಸೆ ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ. ಇದೆಷ್ಟು ಕಷ್ಟವೆಂಬುದನ್ನು ಕೋವಿಡ್-19 ತೋರಿಸಿತು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರಾದ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಕೊನೆಯ ದೀರ್ಘ ಹಂತದಲ್ಲಿ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆಯನ್ನು ದಿನವೂ, ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ಕೊಡುತ್ತಾರೆ. ನಡುವೆ ಬಿಟ್ಟರೆ ರೋಗ ಮರುಕಳಿಸುವ ಭಯ. 2020ರ ಮಾರ್ಚ್ 25ರಿಂದ ಭಾರತದಲ್ಲಿ ಲಾಕ್‌ಡೌನ್ ಜಾರಿಯಾಗಿ ಬಸ್ಸು, ರೈಲು ನಿಂತವು. ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾ ಸ್ಮಾರಕದಂಥ ಆಸ್ಪತ್ರೆಗಳನ್ನೇ ನಂಬಿದ್ದ ದೂರದೂರಿನ ಕುಟುಂಬಗಳಿಗೆ ದಾರಿಯೇ ದೊಡ್ಡ ಅಡ್ಡಿಯಾಯಿತೆನ್ನಬೇಕು.

ತಜ್ಞರ ಸಲಹೆ ಸ್ಪಷ್ಟವಿತ್ತು: ಗುಣವಾಗಬಲ್ಲ ಕ್ಯಾನ್ಸರಿನ ಚಿಕಿತ್ಸೆಯನ್ನು ಸುಮ್ಮನೆ ಮುಂದೂಡಬಾರದು. ಮಾಮೂಲಿ ವಿಚಾರಣೆ ಫೋನಿನಲ್ಲೂ ಆದೀತು, ಜ್ವರ ಮಾತ್ರ ಹಾಗಲ್ಲ. ಬಿಳಿ ರಕ್ತಕಣ ಕುಸಿದ ಮಗುವಿಗೆ ಬ್ಯಾಕ್ಟೀರಿಯಾ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಾಂತಕವಾಗಬಹುದು. ಆದ್ದರಿಂದ ಕೋವಿಡ್ ವರದಿಗೆ ಕಾಯದೆ ಆಂಟಿಬಯಾಟಿಕ್ ಆರಂಭಿಸಬೇಕು. 45 ದೇಶಗಳ ದಾಖಲೆಗಳನ್ನು ಕೂಡಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕೋವಿಡ್ ತಗುಲಿದ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ಸುಮಾರು ಶೇ. 20ರಷ್ಟು ಮಂದಿಗೆ ಸೋಂಕು ತೀವ್ರವಾಗಿತ್ತು, ಶೇ. 3.8ರಷ್ಟು ಮಂದಿ ಅದರಿಂದ ತೀರಿಕೊಂಡರು. ಅರ್ಧಕ್ಕೂ ಹೆಚ್ಚು ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬದಲಾವಣೆಯಾಯಿತು. ಬಡ ದೇಶಗಳ ಮಕ್ಕಳಿಗೇ ಅಪಾಯ ಹೆಚ್ಚಿತ್ತು.