ರಾಣಿ ಈಶ್ವರಮ್ಮ (ಸುರಪುರ)

ರಾಣಿ ಈಶ್ವರಮ್ಮ ಸುರಪುರ ಸಂಸ್ಥಾನದ ಅರಸ ರಾಜಾ ಕೃಷ್ಣಪ್ಪ ನಾಯಕನ ಪತ್ನಿ ಹಾಗೂ 1858ರ ಬಂಡಾಯದ ನಾಯಕನಾದ ರಾಜಾ ವೆಂಕಟಪ್ಪ ನಾಯಕನ ತಾಯಿ. 1841ರಲ್ಲಿ ಪತಿ ತೀರಿಕೊಂಡಾಗ ಮಗನಿಗೆ ಸುಮಾರು ಏಳು ವರ್ಷ. ತಬ್ಬಲಿಯಾದ ಬಾಲಕನ ಪರವಾಗಿ ರಾಜ್ಯವಾಳುವ ಹಕ್ಕು ಯಾರದೆಂಬ ವಿವಾದದಲ್ಲಿ ಆಕೆ ಪ್ರಮುಖ ಪಾತ್ರ ವಹಿಸಿದಳು.

ಹಿನ್ನೆಲೆ

ಸುರಪುರ (ಶೋರಾಪುರ) ಇಂದು ಯಾದಗಿರಿ ಜಿಲ್ಲೆಯ ತಾಲ್ಲೂಕು ಕೇಂದ್ರ. ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿಗೆ ನೆರೆಯದು. ಇಲ್ಲಿ ಆಳಿದವರು ಬೇಡ ನಾಯಕ ಮನೆತನದವರು. 1705ರಲ್ಲಿ ಔರಂಗಜೇಬನು ಸ್ವತಃ ದಂಡೆತ್ತಿ ಬಂದು ಮುತ್ತಿದ ವಾಗಿನಗೇರಾ ಕೋಟೆ ಈ ಮನೆತನದ್ದೇ. ಮುಂದೆ ಸಂಸ್ಥಾನವು ಹೈದರಾಬಾದಿನ ನಿಜಾಮನಿಗೆ ಕಪ್ಪ ಕೊಡುವ ಸ್ಥಿತಿಗೆ ಬಂದಿತು. 1828ರಲ್ಲಿ ಕೃಷ್ಣಪ್ಪ ನಾಯಕ ಪಟ್ಟಕ್ಕೆ ಬಂದಾಗ ನಿಜಾಮ ಸರ್ಕಾರ 15 ಲಕ್ಷ ರೂಪಾಯಿ ನಜರಾಣೆ ಕೇಳಿತು. ಅಂದಿನಿಂದ ಸಾಲ ಮತ್ತು ಕಪ್ಪದ ಬಾಕಿ ಬೆಳೆಯುತ್ತ ಹೋದವು. ಈಶ್ವರಮ್ಮನ ಮಗನಿಗೆ ಬಂದದ್ದು ಇಂಥ ಸಾಲದಲ್ಲಿ ಮುಳುಗಿದ ರಾಜ್ಯ.

ಆಡಳಿತದ ವಿವಾದ

ಕೃಷ್ಣಪ್ಪ ನಾಯಕನ ಮರಣಾನಂತರ ಮಗ ಪ್ರಾಯಕ್ಕೆ ಬರುವವರೆಗೆ ಅಧಿಕಾರ ನಡೆಸಲು ಇಬ್ಬರು ಮುಂದೆ ಬಂದರು: ತಾಯಿ ಈಶ್ವರಮ್ಮ ಮತ್ತು ಮೃತ ಅರಸನ ಸಹೋದರ ಪಿಡ್ಡ ನಾಯಕ. ಕೋಟೆಯೊಳಗಿನ ಸೈನಿಕರು ಮತ್ತು ಪ್ರಮುಖರು ಎರಡು ಪಕ್ಷಗಳಾದರು. ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಜನರಲ್ ಫ್ರೇಜರ್ ಈ ವಿವಾದವನ್ನು ಬಗೆಹರಿಸಲು ಮೊದಲು ಕ್ಯಾಪ್ಟನ್ ಗ್ರೆಸ್ಲಿಯನ್ನೂ ಅನಂತರ ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್‌ನನ್ನೂ ನೇಮಿಸಿದನು. ಟೇಲರ್ ಪಿಡ್ಡ ನಾಯಕನ ಪಕ್ಷವನ್ನು ಎತ್ತಿಹಿಡಿದನು. ರಾಣಿಯ ಕೈಯಲ್ಲಿದ್ದ ಅಧಿಕಾರ ತಪ್ಪಿಹೋಯಿತು. ಆದರೆ ಪಿಡ್ಡ ನಾಯಕನ ಆಡಳಿತವೂ ಬಹುಕಾಲ ನಿಲ್ಲಲಿಲ್ಲ. ಸಂಸ್ಥಾನದ ಮೇಲ್ವಿಚಾರಣೆ ನೇರವಾಗಿ ಟೇಲರ್‌ನ ಕೈಸೇರಿತು. ಹೀಗೆ ತಾಯಿ, ಚಿಕ್ಕಪ್ಪ ಇಬ್ಬರೂ ಬದಿಗೆ ಸರಿದು, ಬಾಲಕನ ರಾಜ್ಯ ಹೊರಗಿನವನ ವಶವಾಯಿತು.

ಮಗನ ಬಾಲ್ಯ

1853ರವರೆಗೆ ಟೇಲರ್ ಆಡಳಿತ ನಡೆಸಿದನು. ಕಂದಾಯವನ್ನು ಹದಕ್ಕೆ ತಂದನು, ಬೋನಾಳ ಕೆರೆಯನ್ನು ಅಭಿವೃದ್ಧಿಪಡಿಸಿದನು. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಸುರಪುರದ ಬೆಟ್ಟದ ಮೇಲೆ ಇಂದಿಗೂ ಇದೆ. ಬಾಲರಾಜನಿಗೆ ಇಂಗ್ಲಿಷ್ ಕಲಿಸುವ ಹೊಣೆಯನ್ನೂ ಅವನು ಹೊತ್ತನು. ತಂದೆಯಿಲ್ಲದ ಬಾಲಕ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ಸುತ್ತಲಿನ ಜನರಲ್ಲಿ ಟೇಲರ್‌ಗೆ 'ಮಹಾದೇವ ಬಾಬಾ' ಎಂಬ ಹೆಸರಿತ್ತು.

ಜಾತಕದ ಪ್ರಸಂಗ

ರಾಣಿ ಅಸ್ವಸ್ಥಳಾಗಿದ್ದಾಗ ಒಮ್ಮೆ ಟೇಲರ್‌ನನ್ನು ಅರಮನೆಗೆ ಕರೆಸಿ, ಮಗನ ಜಾತಕದ ಗುಟ್ಟನ್ನು ತಿಳಿಸಿದಳೆಂದು ಆತನ ಆತ್ಮಕಥೆ ಹೇಳುತ್ತದೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮಗನಿಗೆ ಮರಣವಿದೆ ಎಂಬುದೇ ಆ ಗುಟ್ಟು. ತನ್ನ ಅಧಿಕಾರವನ್ನು ತಪ್ಪಿಸಿದವನ ಮುಂದೆಯೇ ತಾಯಿ ಈ ಭಯವನ್ನು ತೋಡಿಕೊಂಡದ್ದು ಗಮನಾರ್ಹ. ಆ ಹೊತ್ತಿಗೆ ಮಗನನ್ನು ಕಾಯಬಲ್ಲ ಅಧಿಕಾರವಿದ್ದದ್ದು ಟೇಲರ್‌ಗೆ ಮಾತ್ರ.

ಮಗನ ಅಂತ್ಯ

1853ರಲ್ಲಿ ವೆಂಕಟಪ್ಪ ನಾಯಕ ಅಧಿಕಾರ ವಹಿಸಿಕೊಂಡನು. ಟೇಲರ್ ಸುರಪುರದಿಂದ ನಳದುರ್ಗ ಪ್ರಾಂತಕ್ಕೆ ತೆರಳಿದನು. ಸಂಸ್ಥಾನ ಪುನಃ ಸಾಲಕ್ಕೆ ಸಿಲುಕಿತು. 1857ರ ದಂಗೆಯ ಗಾಳಿ ದಕ್ಷಿಣಕ್ಕೂ ಬೀಸಿದಾಗ ಅರಬ್ ಮತ್ತು ರೋಹಿಲ್ಲ ಸೈನಿಕರು ಸುರಪುರದಲ್ಲಿ ಸೇರತೊಡಗಿದರು. 1858ರ ಫೆಬ್ರವರಿಯಲ್ಲಿ ರಾಜನ ಪಡೆ ಬ್ರಿಟಿಷ್ ಶಿಬಿರದ ಮೇಲೆ ರಾತ್ರಿ ದಾಳಿ ಮಾಡಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಹತನಾದನು. ಹೆಚ್ಚಿನ ಸೈನ್ಯ ಬರುವ ಸುದ್ದಿ ತಿಳಿದು ರಾಜ ಹೈದರಾಬಾದಿಗೆ ಹೋದನು, ಅಲ್ಲಿ ಸೆರೆಸಿಕ್ಕನು.

ಸೆರೆಯಲ್ಲಿದ್ದ ರಾಜನನ್ನು ಟೇಲರ್ ಭೇಟಿಯಾದನು. ಸೇನಾ ನ್ಯಾಯಾಲಯ ವಿಧಿಸಿದ ಮರಣದಂಡನೆ ಹಂತಹಂತವಾಗಿ ಇಳಿದು, ಕೊನೆಗೆ ನಾಲ್ಕು ವರ್ಷಗಳ ಸೆರೆವಾಸವಾಯಿತು. ಮದ್ರಾಸ್ ಪ್ರಾಂತ್ಯದ ಚೆಂಗಲ್ಪಟ್ಟಿಗೆ ಸಾಗಿಸುವಾಗ, 1858ರ ಮೇ ತಿಂಗಳಲ್ಲಿ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜ ಮೃತನಾದನು. ಅದು ಆತ್ಮಹತ್ಯೆಯೋ ಆಕಸ್ಮಿಕವೋ ಎಂಬುದು ಇತ್ಯರ್ಥವಾಗಲಿಲ್ಲ. ಆಗ ಆತನಿಗೆ ಇಪ್ಪತ್ತನಾಲ್ಕನೆಯ ವರ್ಷ ನಡೆಯುತ್ತಿತ್ತು. 1860ರ ಒಪ್ಪಂದದಂತೆ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಬಿಟ್ಟುಕೊಟ್ಟರು, ಸಂಸ್ಥಾನ ಕೊನೆಗೊಂಡಿತು.

ಆಕರ ಮತ್ತು ಮೌಲ್ಯಮಾಪನ

ಈಶ್ವರಮ್ಮನ ಕುರಿತು ಹೆಚ್ಚಾಗಿ ಬಳಕೆಯಲ್ಲಿರುವ ಆಕರವೆಂದರೆ ಟೇಲರ್‌ನ ಆತ್ಮಕಥೆ 'ದಿ ಸ್ಟೋರಿ ಆಫ್ ಮೈ ಲೈಫ್'. ಇದು ಆತನ ಮರಣಾನಂತರ 1877ರಲ್ಲಿ ಪ್ರಕಟವಾಯಿತು. ಆತ ರಾಣಿಯ ರಾಜಕಾರಣವನ್ನು ಒಳಸಂಚಿನಂತೆಯೂ ತನ್ನ ಆಡಳಿತವನ್ನು ಸುಧಾರಣೆಯಂತೆಯೂ ಚಿತ್ರಿಸಿದ್ದಾನೆ. ಹೀಗೆ ಬರೆದವನೇ ಆಕೆಯ ಪ್ರತಿಸ್ಪರ್ಧಿಯೂ ಆಗಿದ್ದನೆಂಬುದನ್ನು ಓದುಗರು ಮರೆಯಬಾರದು. ಅಪ್ರಾಪ್ತ ಮಗನ ಪರವಾಗಿ ತಾಯಿ ರಾಜ್ಯವಾಳುವುದು ಕನ್ನಡ ನಾಡಿಗೆ ಹೊಸದಲ್ಲ. ಕೆಳದಿಯ ವೀರಮ್ಮಾಜಿ ದತ್ತುಪುತ್ರನ ಪರವಾಗಿ ಆಳಿದ್ದಳು. ಕಿತ್ತೂರಿನ ಚೆನ್ನಮ್ಮ ದತ್ತಕದ ಹಕ್ಕಿಗಾಗಿ 1824ರಲ್ಲಿ ಹೋರಾಡಿದ್ದಳು. ಈಶ್ವರಮ್ಮನ ಪ್ರಯತ್ನವನ್ನೂ ಈ ಪರಂಪರೆಯಲ್ಲಿಟ್ಟು ನೋಡಬಹುದು. ಸುರಪುರದ ಇತಿಹಾಸದಲ್ಲಿ ಮಗನ ಹೆಸರು ಸ್ವಾತಂತ್ರ್ಯ ಹೋರಾಟಗಾರನಾಗಿ ಉಳಿದಿದ್ದರೆ, ತಾಯಿಯ ಹೆಸರು ಆ ಕಥೆಯ ಪೀಠಿಕೆಯಲ್ಲಿ ಮಾತ್ರ ಬರುತ್ತದೆ.