ಮನೋರೋಗಿಯ ಮಗು: ಮಿತಾಕ್ಷರದಿಂದ ಕುಟುಂಬ ನ್ಯಾಯಾಲಯದವರೆಗೆ

ಚಾರ್ಮಾಡಿ ಘಾಟಿಯನ್ನೇರಿ ಬರುವ ಹೆದ್ದಾರಿಯು ಕೊಟ್ಟಿಗೆಹಾರದಲ್ಲಿ ಕವಲೊಡೆದು, ಒಂದು ಕಡೆ ಮೂಡಿಗೆರೆಗೂ ಮತ್ತೊಂದು ಕಡೆ ಕಳಸ, ಹೊರನಾಡುಗಳಿಗೂ ಸಾಗುತ್ತದೆ. ಕಾಫಿತೋಟಗಳ ಕೂಲಿಯನ್ನು ನಂಬಿ ಘಟ್ಟದ ಕೆಳಗಿನಿಂದ ಬಂದು ನೆಲಸಿದ ಕುಟುಂಬಗಳು ಈ ಸೀಮೆಯಲ್ಲಿ ಅನೇಕ. ತೋಟದ ಲೈನ್ ಮನೆಯೊಂದರಲ್ಲಿ ತಾಯಿಯೋ ತಂದೆಯೋ ಬುದ್ಧಿಸ್ತಿಮಿತ ತಪ್ಪಿದಾಗ ಮಗು ಯಾರ ವಶದಲ್ಲಿರಬೇಕು? ಈ ಪ್ರಶ್ನೆಗೆ ಅಜ್ಜಿಯೋ ಸೋದರಮಾವನೋ ಉತ್ತರ ಕೊಟ್ಟದ್ದೇ ಹೆಚ್ಚು. ಅಂತಹ ತೀರ್ಮಾನಗಳು ನ್ಯಾಯಸ್ಥಾನದ ದಫ್ತರಗಳನ್ನು ಸೇರುವುದಿಲ್ಲ. ಆದುದರಿಂದ ಈ ವಿಷಯದ ಲಿಖಿತ ಚರಿತ್ರೆಯು ಬಹುಮಟ್ಟಿಗೆ ಆಸ್ತಿವಂತರ ಚರಿತ್ರೆಯಾಗಿದೆ ಎಂಬುದನ್ನು ಮೊದಲೇ ನೆನಪಿನಲ್ಲಿಡಬೇಕು.

ಈ ವಿಚಾರದ ಪ್ರಾಚೀನ ಆಧಾರವೊಂದು ಕನ್ನಡ ನಾಡಿನಲ್ಲಿಯೇ ರಚಿತವಾದುದು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರವು, ಉನ್ಮತ್ತನಿಗೆ ದಾಯಭಾಗವಿಲ್ಲ, ಪೋಷಣೆ ಮಾತ್ರ ಉಂಟು ಎನ್ನುವ ಸ್ಮೃತಿವಚನವನ್ನು ವಿವರಿಸುತ್ತದೆ. ಆದರೆ ಆ ದೋಷವು ಮಕ್ಕಳ ಮೇಲೆ ಬೀಳುವುದಿಲ್ಲ. ನಿರ್ದುಷ್ಟರಾದ ಪುತ್ರರು ಪಾಲನ್ನು ಪಡೆಯುತ್ತಾರೆ. ಪುತ್ರಿಯರು ವಿವಾಹದವರೆಗೆ ಪೋಷಣಾರ್ಹರು. ವಿಭಾಗವಾದ ಮೇಲೆ ಔಷಧದಿಂದ ರೋಗವು ನೀಗಿದರೆ ಅವನಿಗೂ ಪಾಲು ದೊರೆಯಬೇಕೆಂಬ ವ್ಯಾಖ್ಯಾನವು ವಿಶೇಷವಾಗಿ ಗಮನಾರ್ಹವಾದುದು. ಚಿತ್ತವಿಕಲತೆಯು ಶಾಶ್ವತವಾಗಿರಬೇಕಾಗಿಲ್ಲವೆಂಬ ತಿಳಿವಳಿಕೆ ಇಲ್ಲಿದೆ. ಆದರೂ ಇಲ್ಲಿನ ಚರ್ಚೆಯೆಲ್ಲ ಪಾಲಿನದು. ಮಗು ಯಾರ ಮಡಿಲಲ್ಲಿ ಬೆಳೆಯಬೇಕೆಂಬ ಚರ್ಚೆಯಲ್ಲ.

ಬ್ರಿಟಿಷ್ ಭಾರತದ ಶಾಸನಗಳಲ್ಲಿಯೂ ಇದೇ ಒಲವು ಬಹುಕಾಲ ಉಳಿಯಿತು. 1912ರ ಉನ್ಮಾದ ಅಧಿನಿಯಮವು ರೋಗಿಯ ಬಂಧನ ಮತ್ತು ಆಸ್ತಿಯ ನಿರ್ವಹಣೆಗಳನ್ನು ಕುರಿತೇ ಹೆಚ್ಚಾಗಿ ವಿಧಿಸಿತು. ಅದಕ್ಕೂ ಹಿಂದಿನ 1890ರ ಪಾಲಕರ ಮತ್ತು ಪಾಲ್ಯರ ಅಧಿನಿಯಮವು ಮಾತ್ರ ಮಗುವಿನ ಕ್ಷೇಮ, ವಯಸ್ಸು, ಪಾಲಕನ ಶೀಲ ಮತ್ತು ಸಾಮರ್ಥ್ಯಗಳನ್ನು ಪರಿಶೀಲಿಸಬೇಕೆಂದಿತು. ಆಗ ಕಡೂರು ಜಿಲ್ಲೆಯೆನಿಸಿದ್ದ ಈ ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಬಿ ಭಾಗದ ರಾಜ್ಯಗಳಿಗೆ ಕೇಂದ್ರದ ಅನೇಕ ಶಾಸನಗಳು ಅನ್ವಯವಾದುದು 1951ರಲ್ಲಿ.

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮವು ತಂದೆಯನ್ನೂ ಅವನ ತರುವಾಯ ತಾಯಿಯನ್ನೂ ಸ್ವಾಭಾವಿಕ ಪಾಲಕರೆಂದಿತು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದಿತು. ಅದರ 6ನೆಯ ಕಲಮಿನಲ್ಲಿ ಪಾಲಕತ್ವವನ್ನು ಕಳೆಯುವ ಕಾರಣಗಳು ಎರಡೇ: ಧರ್ಮತ್ಯಾಗ ಮತ್ತು ಸಂನ್ಯಾಸ. ಮನೋರೋಗವು ಅಲ್ಲಿಲ್ಲ. ಹೀಗಾಗಿ 13ನೆಯ ಕಲಮು ಪರಮವೆಂದು ಸಾರಿದ ಮಗುವಿನ ಕ್ಷೇಮವನ್ನು ಅಳೆಯುವ ಹೊಣೆ ನ್ಯಾಯಾಧೀಶರ ವಿವೇಚನೆಗೆ ಬಿದ್ದಿತು. 1999ರ ಗೀತಾ ಹರಿಹರನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ತಂದೆಯ ದೈಹಿಕ ಅಥವಾ ಮಾನಸಿಕ ಅಸಾಮರ್ಥ್ಯವೂ ಅವನ 'ಗೈರುಹಾಜರಿ'ಯೇ ಎಂದು ತಿಳಿಸಿ, ಅಂತಹ ಸಂದರ್ಭದಲ್ಲಿ ಅವನು ಬದುಕಿರುವಾಗಲೇ ತಾಯಿಯು ಪಾಲಕಳಾಗಬಹುದೆಂದಿತು.

ರೋಗದ ಹೆಸರೇ ತೀರ್ಪಾಗಬಾರದೆಂಬ ತತ್ತ್ವವೂ ಕ್ರಮೇಣ ಬೆಳೆಯಿತು. ವಿಚ್ಛೇದನವನ್ನು ಕುರಿತ 1988ರ ರಾಮ್ ನಾರಾಯಣ್ ಗುಪ್ತ ಪ್ರಕರಣವು ರೋಗದ ಇರವನ್ನಲ್ಲ, ಅದರ ತೀವ್ರತೆಯನ್ನು ನೋಡಬೇಕೆಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು, ಸಕ್ಷಮ ನ್ಯಾಯಾಲಯವು ಸಾರದ ಹೊರತು ಮನೋರೋಗಿಯೆಂಬಷ್ಟರಿಂದಲೇ ಯಾರೂ ಅಸ್ವಸ್ಥಚಿತ್ತರೆನಿಸುವುದಿಲ್ಲವೆಂದು ಸ್ಪಷ್ಟಪಡಿಸಿತು. ಆಸ್ಪತ್ರೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದು; ಅಪಾಯದ ಕಾರಣದಿಂದ ಅಗಲಿಸಿದರೆ 15 ದಿನಗಳಿಗೊಮ್ಮೆ ಆ ನಿರ್ಧಾರದ ಪುನರ್ವಿಮರ್ಶೆಯಾಗಬೇಕು; 30 ದಿನ ಮೀರಿದರೆ ಪ್ರಾಧಿಕಾರದ ಒಪ್ಪಿಗೆ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ-ಮಗು ಒಟ್ಟಿಗೆ ಇದ್ದು ಚಿಕಿತ್ಸೆ ಪಡೆಯುವ ಪ್ರತ್ಯೇಕ ವಿಭಾಗವು ಈ ಶಾಸನಕ್ಕಿಂತ ಮೊದಲೇ ನಡೆಯುತ್ತಿತ್ತು.

ಆದರೆ ತತ್ತ್ವವು ಘಟ್ಟವನ್ನೇರಿ ಬರುವುದು ಸುಲಭವಲ್ಲ. 1984ರ ಅಧಿನಿಯಮದಂತೆ ಪಾಲಕತ್ವದ ವ್ಯಾಜ್ಯಗಳು ಕುಟುಂಬ ನ್ಯಾಯಾಲಯಕ್ಕೆ ಸೇರಿದವು. ಅದಿಲ್ಲದೆಡೆ ಜಿಲ್ಲಾ ನ್ಯಾಯಾಲಯಕ್ಕೆ. ಅಲ್ಲಿ ತಾಯಿಯು ತಾನು ಗುಣಮುಖಳಾಗಿರುವೆನೆಂದು ತೋರಿಸಲು ಚಿಕಿತ್ಸೆಯ ಸಾಲುಗಟ್ಟಿದ ಚೀಟಿಗಳು ಬೇಕು. ಒಂದು ದಿನದ ಕೂಲಿ ಬಿಟ್ಟು, ಮಳೆಗಾಲದಲ್ಲಿ ಬಸ್ಸು ಹಿಡಿದು ಪೇಟೆಯ ವೈದ್ಯರನ್ನು ಕಾಣಬೇಕಾದವಳ ಬಳಿ ಆ ಸಾಲು ನಡುನಡುವೆ ಕಡಿದಿರುತ್ತದೆ. ಬಡತನದ ಈ ತೆರಪನ್ನು ರೋಗದ ಲಕ್ಷಣವೆಂದು ಓದಿಕೊಳ್ಳುವ ಅಪಾಯ ಸದಾ ಇದೆ. ಇನ್ನೊಂದು ಕಡೆ, ಕರುಣೆಯ ಹೆಸರಿನಲ್ಲಿ ಮಗುವಿನ ನಿಜವಾದ ಭಯವನ್ನು ಕಡೆಗಣಿಸುವುದೂ ಅನ್ಯಾಯವೇ.

ಮಿತಾಕ್ಷರಕಾರನು ಗುಣಮುಖನಾದವನಿಗೆ ಪಾಲನ್ನು ಹಿಂದಕ್ಕೆ ಕೊಡಿಸಿದನು. ಹೊಲವು ಹತ್ತು ವರ್ಷ ಕಾದೀತು, ಬಾಲ್ಯವು ಕಾಯದು. ಮಧ್ಯಂತರ ಆದೇಶಗಳೂ ಅವುಗಳ ಸಕಾಲಿಕ ಪುನರ್ವಿಮರ್ಶೆಯೂ ಅಂತಿಮ ತೀರ್ಪಿನಷ್ಟೇ ಮುಖ್ಯವಾಗುವುದು ಈ ಕಾರಣದಿಂದಲೇ. ಲೈನ್ ಮನೆಗಳಲ್ಲಿ ಅಜ್ಜಿಯರು ಕೊಟ್ಟ ತೀರ್ಪುಗಳನ್ನು, ಹೆಸರುಗಳನ್ನು ಮರೆಸಿ, ವಿದ್ಯಾರ್ಥಿಗಳು ಕೇಳಿ ಬರೆದಿಟ್ಟರೆ ಈ ಚರಿತ್ರೆಯ ಉಳಿದರ್ಧವೂ ಬೆಳಕಿಗೆ ಬಂದೀತು.