ಫ್ರೀಡಾಸ್

ಹಳೆಯ ಐಬಿಎಂ ಪಿಸಿಯ ವಂಶಕ್ಕೆ ಸೇರಿದ ಗಣಕಯಂತ್ರಗಳ ಮೇಲೆ ಇಂದಿಗೂ ಸಲೀಸಾಗಿ ನಡೆಯುವ, ಎಂಎಸ್-ಡಾಸ್‌ಗೆ ಸಮಾನಧರ್ಮಿಯಾದ, ಮುಕ್ತ ಪರವಾನಗಿಯ ಕಾರ್ಯಾಚರಣ ವ್ಯವಸ್ಥೆ. ಮೈಕ್ರೋಸಾಫ್ಟ್ ಸಂಸ್ಥೆಯು ಡಾಸ್‌ನ ಸ್ವತಂತ್ರ ಅಸ್ತಿತ್ವವನ್ನು ಕೊನೆಗಾಣಿಸಲಿರುವುದು ಸ್ಪಷ್ಟವಾಗುತ್ತಿದ್ದ 1994ರ ಜೂನ್ ತಿಂಗಳಿನಲ್ಲಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ರಿವರ್ ಫಾಲ್ಸ್ ಶಾಖೆಯಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಯಾಗಿದ್ದ ಜಿಮ್ ಹಾಲ್ ಇದರ ಸಂಕಲ್ಪವನ್ನು ಪಿಡಿ-ಡಾಸ್ ಎಂಬ ಹೆಸರಿನಿಂದ ಪ್ರಕಟಿಸಿದರು. ಪ್ಯಾಟ್ ವಿಲಾನಿಯವರ ಕರ್ನೆಲ್ಲೂ ಟಿಮ್ ನಾರ್ಮನ್ನರ ಕಮಾಂಡ್.ಕಾಮ್ ಕ್ರಮವಿಧಿಯೂ ಕೂಡಿಬಂದು ಅದು ರೂಪು ತಳೆಯಿತು. 1.0 ಆವೃತ್ತಿ ಹೊರಬಂದುದು 2006ರ ಸೆಪ್ಟೆಂಬರಿನಲ್ಲಿ.

ಈ ವ್ಯವಸ್ಥೆಯ ಹಿರಿಮೆಯಿರುವುದು ಅದರ ಮಿತವ್ಯಯದಲ್ಲಿ. 1991ರಲ್ಲಿ 80386 ಸಂಸ್ಕಾರಕದ ಮೇಲೆಯೇ ಜನ್ಮ ತಾಳಿದ, ಇನ್ನೊಂದು ಮುಕ್ತ ವ್ಯವಸ್ಥೆಯಾದ ಲಿನಕ್ಸ್, 2013ರ 3.8 ಆವೃತ್ತಿಯಿಂದ ಆ ಸಂಸ್ಕಾರಕವನ್ನೇ ಕೈಬಿಟ್ಟಿತು. ಫ್ರೀಡಾಸ್ ಆದರೋ, ಪ್ರಾಚೀನವಾದ 16 ಬಿಟ್ ವಿಧಾನಕ್ಕೆ ನಿಷ್ಠವಾಗಿದ್ದು, ಡಿಸ್ಕ್, ಕೀಲಿಮಣೆ ಮೊದಲಾದವುಗಳ ಸೇವೆಯನ್ನು ಯಂತ್ರದಲ್ಲೇ ಅಡಕವಾದ ಬಯೋಸ್ ತಂತ್ರಾಂಶದಿಂದಲೇ ಪಡೆಯುವುದರಿಂದ, ವಿಪುಲವಾದ ಚಾಲಕಗಳ ಭಾರವಿಲ್ಲದೆ, 640 ಕಿಲೋಬೈಟ್ ಸ್ಮೃತಿಯುಳ್ಳ ಪಿಸಿ-ಎಕ್ಸ್‌ಟಿಯಂತಹ ಯಂತ್ರವನ್ನೂ ಕಾರ್ಯಕ್ಷಮವಾಗಿರಿಸಬಲ್ಲುದು. ತಯಾರಕರು ಮರೆತ ಯಂತ್ರದ ಆಯುಷ್ಯವನ್ನು ಹೀಗೆ ವಿಸ್ತರಿಸುವುದು ನಿಜಕ್ಕೂ ಸ್ತುತ್ಯವಾದ ಕಾರ್ಯ. ಹಳೆಯ ಆಟಗಳು, ಲೆಕ್ಕಪತ್ರದ ತಂತ್ರಾಂಶಗಳು, ಕಾರ್ಖಾನೆಗಳ ನಿಯಂತ್ರಣ ಕ್ರಮವಿಧಿಗಳು ಇದರಲ್ಲಿ ಬಹುಮಟ್ಟಿಗೆ ಯಥಾವತ್ತಾಗಿ ನಡೆಯುತ್ತವೆ.

ಒಂದು ಕಾಲಕ್ಕೆ ಸಾಮಾನ್ಯವಾಗಿ ಒಂದೇ ಕ್ರಮವಿಧಿ ನಡೆಯುವುದೂ, ದಾರಿ ತಪ್ಪಿದ ಕ್ರಮವಿಧಿಯು ಇಡೀ ಸ್ಮೃತಿಯನ್ನು ಕೆಡಿಸಬಲ್ಲುದೂ ಇದರ ಸಹಜ ಪರಿಮಿತಿಗಳು. ಬಯೋಸ್‌ನ ಸ್ಥಾನವನ್ನು ಯುಇಎಫ್‌ಐ ಪೂರ್ಣವಾಗಿ ಆಕ್ರಮಿಸಿರುವ ನೂತನ ಯಂತ್ರಗಳಲ್ಲಿ ಇದು ನೇರವಾಗಿ ಆರಂಭವಾಗದು. ಅಲ್ಲಿ ಇದನ್ನು ಕೃತಕ ಯಂತ್ರದೊಳಗೆ (ವರ್ಚುವಲ್ ಮಷೀನ್) ನಡೆಸುವುದು ವಾಡಿಕೆ.